ಹಾರ್ಕಿನ್ಸ್ ರಸ್ತೆಯ ಅವರೆ ಚಪ್ಪರ

ವೇದವತಿ ಅಮೆರಿಕದ ಪ್ರಜೆಯಾದದ್ದು 1986ರ ಏಪ್ರಿಲ್‌ನಲ್ಲಿ. ಸ್ಯಾನ್ ಹೋಸೆಯ ದೊಡ್ಡ ಸಭಾಂಗಣವೊಂದರಲ್ಲಿ ನೂರಾರು ಜನರ ನಡುವೆ ನಿಂತು ಬಲಗೈ ಎತ್ತಿ ಪ್ರಮಾಣ ಮಾಡಿದಳು. ಹೊರಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬಳು ಅಲ್ಲೇ ಅವಳ ಹೆಸರನ್ನು ಮತದಾರರ ಪಟ್ಟಿಗೆ ಬರೆದುಕೊಂಡಳು. ಗಂಡ ವೆಂಕಟಾಚಲ ಎರಡು ವರ್ಷ ಮೊದಲೇ ಪ್ರಜೆಯಾಗಿದ್ದ. ಹನ್ನೊಂದು ವರ್ಷದ ಮಗಳು ಪದ್ಮಜಾ ಇಲ್ಲೇ ಹುಟ್ಟಿದವಳು. ಮೈಸೂರಿನ ಚಾಮರಾಜಪುರಂ ಬಿಟ್ಟು ಬಂದು ಹನ್ನೆರಡು ವರ್ಷವಾಗಿದ್ದರೂ ವೇದವತಿಗೆ ಬೀದಿಯವರ ಪರಿಚಯ ಕೈಬೀಸಿ ನಗುವುದಕ್ಕಿಂತ ಮುಂದೆ ಹೋಗಿರಲಿಲ್ಲ. ಹಾಗಾಗಿ ಜೂನ್ ತಿಂಗಳಲ್ಲಿ ಎದುರುಮನೆಯ ಕ್ಯಾರಲ್ ತಾನಾಗಿ ಬಂದು ಬಾಗಿಲು ತಟ್ಟಿದಾಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅವರ ಊರು ಆಲ್ವರೆಜ್ ಕ್ರೀಕ್. ಮಿಲ್ಪಿಟಾಸ್‌ನಿಂದ ಕಾರಿನಲ್ಲಿ ಹತ್ತು ನಿಮಿಷ. ಮೊದಲು ಅಲ್ಲಿ ಏಪ್ರಿಕಾಟ್ ತೋಟಗಳಿದ್ದವಂತೆ. ಈಗ ಸಾಲು ಸಾಲಾಗಿ ಗೋಡೆಗೆ ಗೋಡೆ ಅಂಟಿದ ಟೌನ್‌ಹೌಸುಗಳು. ಫ್ರೀವೇ ಇಳಿದವರು ಊರಿಗೆ ಬರುವುದು ಹಾರ್ಕಿನ್ಸ್ ರಸ್ತೆಯಲ್ಲಿ. ಅದರ ಎರಡೂ ಬದಿಗೆ ಮನೆಗಳ ಹಿತ್ತಿಲ ಬೇಲಿ. ಬೇಲಿಗೂ ಟಾರಿಗೂ ನಡುವೆ ಎಂಟು ಹತ್ತು ಅಡಿ ಅಗಲದ ಖಾಲಿ ಪಟ್ಟಿ. ಅಲ್ಲಿ ಬೇಸಿಗೆಯಲ್ಲಿ ಒಣಹುಲ್ಲು, ಉಳಿದ ಕಾಲದಲ್ಲಿ ಕೆಸರು, ವರ್ಷವಿಡೀ ಕಾರುಗಳಿಂದ ಎಸೆದ ಡಬ್ಬಿಗಳು.

ಈ ರಸ್ತೆಬದಿಯನ್ನು ಚಂದ ಮಾಡಬೇಕೆಂದು ಊರಿನ ಕೌನ್ಸಿಲ್ ನವೆಂಬರ್ ಚುನಾವಣೆಯಲ್ಲಿ ಜನರ ಮುಂದೆ ಒಂದು ಪ್ರಸ್ತಾಪ ಇಡುವುದಿತ್ತು. ಅದರ ಹೆಸರು ಮೆಷರ್ ಜಿ. ಪ್ರತಿ ಮನೆಯೂ ವರ್ಷಕ್ಕೆ ಇಪ್ಪತ್ನಾಲ್ಕು ಡಾಲರ್ ಹೆಚ್ಚು ತೆರಿಗೆ ಕೊಡಬೇಕು. ಆ ಹಣದಲ್ಲಿ ಮರ, ಹೂಗಿಡ, ನೀರಿನ ಕೊಳವೆ. ಹೊಸ ತೆರಿಗೆಯಾದ್ದರಿಂದ ಬರೀ ಬಹುಮತ ಸಾಲದು, ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ನಿವೃತ್ತ ಶಾಲಾ ಟೀಚರ್ ಆಗಿದ್ದ ಕ್ಯಾರಲ್ ಇದಕ್ಕಾಗಿ ಒಂದು ಸಮಿತಿ ಕಟ್ಟಿದ್ದಳು. ವೇದವತಿ ಕಮ್ಯುನಿಟಿ ಕಾಲೇಜಿನಲ್ಲಿ ಫೋಟೋಗ್ರಫಿ ಕಲಿತಿದ್ದಾಳೆ ಎಂದು ಅವಳಿಗೆ ಯಾರೋ ಹೇಳಿದ್ದರು. ನಮ್ಮ ಸಮಿತಿಗೆ ಫೋಟೋ ತೆಗೆದುಕೊಡುತ್ತೀಯಾ ಎಂದು ಕೇಳಿದಳು. ವೇದವತಿ ಯೋಚನೆಯನ್ನೂ ಮಾಡದೆ ಒಪ್ಪಿಕೊಂಡಳು.

ಪ್ರತಿ ಮಂಗಳವಾರ ಸಂಜೆ ಕ್ಯಾರಲ್ ಮನೆಯಲ್ಲಿ ಮೀಟಿಂಗು. ಆರೇಳು ಜನ, ಕಾಫಿ, ಒಂದು ತಟ್ಟೆ ಕುಕಿ. ಆ ಸೋಫಾದ ಮೇಲೆ ಕೂತು ಯಾವ ಮರ ಬೇಗ ಬೆಳೆಯುತ್ತದೆ, ಯಾವುದಕ್ಕೆ ನೀರು ಕಡಿಮೆ ಸಾಕು ಎಂದು ಮಾತಾಡುವಾಗ ವೇದವತಿಗೆ ಈ ಊರು ತನ್ನದೂ ಹೌದು ಎಂದು ಮೊದಲ ಸಲ ಅನ್ನಿಸುತ್ತಿತ್ತು. ಕ್ಯಾರಲ್ ಅವಳ ಹೆಸರನ್ನು ಕಷ್ಟಪಟ್ಟು ಪೂರ್ತಿ ಹೇಳಲು ಕಲಿತಿದ್ದಳು. ವೇದವತಿ ಮನೆಗೆ ಬಂದು ಅದನ್ನು ಗಂಡನಿಗೆ ಎರಡು ಸಲ ಹೇಳಿದಳು.

ಹಾರ್ಕಿನ್ಸ್ ರಸ್ತೆಯ ಅದೇ ಪಟ್ಟಿಯಲ್ಲಿ, ಅರವತ್ತು ಅಡಿ ಉದ್ದಕ್ಕೆ, ಜವರಮ್ಮನ ತರಕಾರಿ ತೋಟವಿತ್ತು.

ಜವರಮ್ಮ ಮದ್ದೂರಿನ ಹತ್ತಿರದ ಹಳ್ಳಿಯವಳು. ಮಗ ಜಯರಾಮ್ ಒಂದು ಚಿಪ್ ಕಂಪನಿಯಲ್ಲಿ ಮೆಷೀನುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಸೊಸೆಗೂ ಅಲ್ಲೇ ಶಿಫ್ಟು ಕೆಲಸ. ಮೊಮ್ಮಗು ಹುಟ್ಟಿದಾಗ ಬಂದ ಜವರಮ್ಮ ಇಲ್ಲೇ ಉಳಿದಳು. ಮಗು ಡೇಕೇರಿಗೆ ಹೋಗಲು ಶುರುವಾದ ಮೇಲೆ ಹಗಲು ಕಳೆಯುವುದು ಕಷ್ಟವಾಯಿತು. ಒಂದು ದಿನ ಹಿಂದಿನ ಬೇಲಿಯ ಗೇಟು ತೆಗೆದು ನೋಡಿದಳು. ಇಷ್ಟು ಮಣ್ಣು ಯಾರಿಗೂ ಬೇಡವಾಗಿ ಬಿದ್ದಿದೆಯಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತಂತೆ. ಮಾರನೆಯ ದಿನವೇ ಹುಲ್ಲು ಕಿತ್ತು ಅಗೆಯಲು ಶುರುಮಾಡಿದಳು. ದಂಟು, ಮೆಂತ್ಯ, ಬದನೆ, ಹೀರೆ, ಎಲ್ಲಕ್ಕಿಂತ ಹೆಚ್ಚಾಗಿ ಅವರೆ. ಬೀಜ ಊರಿಂದ ಬಂದವರ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಬಂದಿತ್ತು.

ವೇದವತಿಗೆ ಅವಳ ಪರಿಚಯವಾದದ್ದೇ ಅವರೆಯಿಂದ. ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ, ಸಿಗ್ನಲ್‌ನಲ್ಲಿ ಕಾರಿನ ಕಿಟಕಿ ಇಳಿಸಿಕೊಂಡು ನಿಂತಿದ್ದಾಗ ಸೊಗಡಿನ ವಾಸನೆ ಬಂತು. ಅವಳಿಗೆ ತನ್ನ ಮೂಗಿನ ಮೇಲೆ ನಂಬಿಕೆ ಬರಲಿಲ್ಲ. ಕಾರನ್ನು ಪಕ್ಕಕ್ಕೆ ಹಾಕಿ ಇಳಿದಳು. ಬಳ್ಳಿಯ ನಡುವಿನಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಎದ್ದು ನಿಂತು, ಕೇಳುವ ಮೊದಲೇ ಮಡಿಲಲ್ಲಿದ್ದ ಕಾಯಿಗಳನ್ನೆಲ್ಲ ಇವಳ ಕೈಚೀಲಕ್ಕೆ ಸುರಿದಳು. ಅಂದು ಮನೆಯಲ್ಲಿ ಹಿತಕಿದ ಬೇಳೆ ಸಾರು. ವೆಂಕಟಾಚಲ ಮೂರು ಸಲ ಬಡಿಸಿಕೊಂಡ. ಅಂದಿನಿಂದ ವಾರಕ್ಕೊಮ್ಮೆಯಾದರೂ ವೇದವತಿ ಆ ಹಿತ್ತಿಲ ಗೇಟಿಗೆ ಹೋಗುತ್ತಿದ್ದಳು. ಜವರಮ್ಮ ಅವಳನ್ನು ‘ಏನವ್ವ’ ಎಂದೇ ಮಾತಾಡಿಸುತ್ತಿದ್ದಳು, ಮಗಳ ಹಾಗೆ ಏಕವಚನದಲ್ಲಿ. ಒಂದು ಚೀಲ ತುಂಬಿಸದೆ ಕಳಿಸಿದ್ದಿಲ್ಲ.

ತೋಟ ನೋಡಲು ಅಚ್ಚುಕಟ್ಟಾಗಿರಲಿಲ್ಲ, ನಿಜ. ಚಪ್ಪರಕ್ಕೆ ಹಳೆಯ ಪರದೆಯ ಸರಳು, ಮಗುವಿನ ಮುರಿದ ತೊಟ್ಟಿಲ ಕಂಬಿ, ಮುರುಕು ಪೊರಕೆಯ ಕೋಲು. ಹಕ್ಕಿ ಬೆದರಲೆಂದು ಹರಿದ ಸೀರೆಗಳ ಚೂರುಗಳನ್ನು ಉದ್ದಕ್ಕೂ ಕಟ್ಟಿದ್ದಳು. ನೀರಿನ ಕ್ಯಾನು ಸಾಗಿಸಲು ಯಾರೋ ಬಿಟ್ಟುಹೋದ ಗ್ರೋಸರಿ ಅಂಗಡಿಯ ತಳ್ಳುಗಾಡಿ.

ಸೆಪ್ಟೆಂಬರಿನಲ್ಲಿ ವೇದವತಿ ಕ್ಯಾಮೆರಾ ಹಿಡಿದು ಹಾರ್ಕಿನ್ಸ್ ರಸ್ತೆಯ ಉದ್ದಕ್ಕೂ ನಡೆದಳು. ಹಳ್ಳದ ಬಳಿ ಎಸೆದ ಹಾಸಿಗೆ, ಒಣಹುಲ್ಲು, ಬೇಲಿಯ ಮೇಲಿನ ಗೀಚು, ಎಲ್ಲವನ್ನೂ ತೆಗೆದಳು. ಜವರಮ್ಮನ ತೋಟ ಬಂದಾಗ ಅಲ್ಲೂ ನಿಂತಳು. ಜವರಮ್ಮ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ, ಸೆರಗು ಸರಿಮಾಡಿಕೊಂಡು, ಅವರೆ ಬಳ್ಳಿಯ ಪಕ್ಕ ನೆಟ್ಟಗೆ ನಿಂತಳು. ಊರಲ್ಲಿರುವ ತಂಗಿ ಮರಿತಾಯಮ್ಮನಿಗೆ ಕಳಿಸಲು ಒಂದು ಪ್ರತಿ ಬೇಕೆಂದಳು. ವೇದವತಿ ತೆಗೆದಳು. ಜವರಮ್ಮ ನೀರು ತರಲು ಒಳಗೆ ಹೋದಾಗ, ಅವಳಿಲ್ಲದ ತೋಟವನ್ನು ಇನ್ನೊಮ್ಮೆ ತೆಗೆದಳು. ಯಾಕೆ ತೆಗೆದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾಳೆ. ಬೆಳಕು ಚೆನ್ನಾಗಿತ್ತು ಎಂಬುದು ಒಂದು ಉತ್ತರ. ಅದು ಪೂರ್ತಿ ಉತ್ತರವಲ್ಲವೆಂದು ಅವಳಿಗೆ ಗೊತ್ತು.

ಕಾಲೇಜಿನ ಡಾರ್ಕ್‌ರೂಮಿನಲ್ಲಿ ತಾನೇ ತೊಳೆದು ತಂದ ಕಪ್ಪುಬಿಳುಪು ಫೋಟೋಗಳನ್ನು ಮಂಗಳವಾರದ ಮೀಟಿಂಗಿನಲ್ಲಿ ಮೇಜಿನ ಮೇಲೆ ಹರಡಿದಳು. ತೋಟದ ಫೋಟೋವನ್ನು ಕಟ್ಟಿನಿಂದ ತೆಗೆದಿಡಬಹುದಿತ್ತು, ಇಡಲಿಲ್ಲ. ಎಲ್ಲರ ಕಣ್ಣೂ ಅದರ ಮೇಲೇ ಬಿತ್ತು. ಕಪ್ಪುಬಿಳುಪಿನಲ್ಲಿ ಅವರೆಯ ಹಸಿರಾಗಲಿ ಹೂವಿನ ನೇರಳೆಯಾಗಲಿ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ವಕ್ರ ಕಂಬಿಗಳು, ಚಿಂದಿ ಬಟ್ಟೆ, ಬೋರಲು ಹಾಕಿದ ಬಕೆಟ್ಟು, ತಳ್ಳುಗಾಡಿ. ಇದೊಂದೇ ಸಾಕು, ಕರಪತ್ರಕ್ಕೆ ಇದನ್ನೇ ಹಾಕೋಣ ಎಂದು ಒಬ್ಬ ಹೇಳಿದ.

ಕ್ಯಾರಲ್ ಫೋಟೋವನ್ನು ಕೈಗೆತ್ತಿಕೊಂಡು ನೋಡಿದಳು. ಇದು ಯಾರದೋ ಇರಬೇಕಲ್ಲ, ಅವರಿಗೆ ಬೇಸರವಾಗುವುದಿಲ್ಲವೇ ಎಂದು ಕೇಳಿದಳು. ಕೇಳಿದ್ದು ವೇದವತಿಯನ್ನೇ.

ಆ ಗಳಿಗೆಯಲ್ಲಿ ವೇದವತಿಗೆ ಕಂಡದ್ದು ಆ ಸೀರೆಯ ಚೂರುಗಳು. ಇದು ನಮ್ಮ ಕಡೆಯ ಹೆಂಗಸಿನದು, ನನ್ನ ಭಾಷೆಯವಳದು ಎಂದರೆ ಈ ಆರು ಜನರ ಕಣ್ಣು ಫೋಟೋದಿಂದ ತನ್ನ ಕಡೆಗೆ ತಿರುಗುತ್ತದೆ ಎಂದು ಅವಳಿಗೆ ಅನ್ನಿಸಿತು.

“ಯಾರದೂ ಅಲ್ಲ. ಸಿಟಿ ಜಾಗ,” ಎಂದಳು.

ಕ್ಯಾರಲ್ ತಲೆಯಾಡಿಸಿ ಫೋಟೋವನ್ನು ಕರಪತ್ರಕ್ಕೆಂದು ಬೇರೆ ಇಟ್ಟಳು.

ಅಕ್ಟೋಬರ್ ಎರಡನೆಯ ವಾರ ಕರಪತ್ರ ಊರಿನ ಪ್ರತಿ ಮನೆಯ ಅಂಚೆಪೆಟ್ಟಿಗೆಗೂ ಬಂತು. ಮೇಲರ್ಧದಲ್ಲಿ ತೋಟದ ಫೋಟೋ, ಕೆಳಗರ್ಧದಲ್ಲಿ ಮರಗಳ ಸಾಲಿನ ಬಣ್ಣದ ಚಿತ್ರ. ಪದ್ಮಜಾ ಶಾಲೆಯಿಂದ ಬಂದವಳು ಅಂಚೆ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹಾಕಿ, “ಅಮ್ಮಾ, ದಟ್ಸ್ ಅಜ್ಜೀಸ್ ಗಾರ್ಡನ್,” ಎಂದಳು. ಆಮೇಲೆ ಮೇಲಿದ್ದ ಸಾಲು ಓದಿದಳು. ತಾಯಿಯ ಮುಖವನ್ನೊಮ್ಮೆ ನೋಡಿ ತನ್ನ ಕೋಣೆಗೆ ಹೋದಳು. ಅವಳು ಏನನ್ನೂ ಕೇಳದಿದ್ದದ್ದು ವೇದವತಿಗೆ ಏಟಿನ ಹಾಗಾಯಿತು.

ಎರಡು ದಿನ ಅವಳು ಹಾರ್ಕಿನ್ಸ್ ರಸ್ತೆ ಬಿಟ್ಟು ಸುತ್ತುದಾರಿಯಲ್ಲಿ ಓಡಾಡಿದಳು. ಮೂರನೆಯ ದಿನ ಬೆಳಿಗ್ಗೆ ಜವರಮ್ಮನೇ ಮನೆಗೆ ಬಂದಳು. ಒಂದು ಮೈಲಿ ನಡೆದುಕೊಂಡು ಬಂದಿದ್ದಳು. ಒಂದು ಕೈಯಲ್ಲಿ ಅವರೆಕಾಯಿಯ ಚೀಲ, ಇನ್ನೊಂದರಲ್ಲಿ ಮಡಿಸಿದ ಕರಪತ್ರ. ಬಾಗಿಲು ತೆಗೆದ ವೇದವತಿಯ ಕಣ್ಣು ಮೊದಲು ಕರಪತ್ರದ ಮೇಲೆ ಬಿತ್ತು. ಆದರೆ ಜವರಮ್ಮನ ಮುಖ ಅರಳಿತ್ತು.

“ನೋಡವ್ವ, ನಮ್ ಅವ್ರೆ ಚಪ್ರ ಪೇಪರ್ನಾಗೆ ಬಂದದೆ. ನೀನು ತಾನೆ ಕೊಟ್ಟಿದ್ದು ಪೋಟೋವ? ನಂಗೊತ್ತಾಯ್ತು ಕಣ್ ಬುಡು.”

ಕುರ್ಚಿಯ ಮೇಲೆ ಕೂರಿಸಿದ್ದಕ್ಕೆ ಕೂತಳು. ಮಗ ರಾತ್ರಿಪಾಳಿ ಮುಗಿಸಿ ಮಲಗಿದ್ದಾನೆ, ಸೊಸೆಯನ್ನು ಕೇಳಿದರೆ ಆಮೇಲೆ ಓದುತ್ತೇನೆಂದು ಹೊರಟುಹೋದಳು ಎಂದಳು. ಕರಪತ್ರವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸವರಿ ಮಡಿಕೆ ಬಿಡಿಸಿದಳು. ಫೋಟೋದ ಮೇಲಿದ್ದ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟಳು.

“ಏನಂತ ಬರ್ದವ್ರೆ, ಓದವ್ವ ಒಸಿ.”

ಅಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದದ್ದು: ‘ದಿನಾ ಬೆಳಿಗ್ಗೆ ಮನೆಯಿಂದ ಹೊರಟಾಗ ನಮ್ಮ ಕಣ್ಣಿಗೆ ಬೀಳುವುದು ಈ ಕಸ. ನಮ್ಮ ಊರಿಗೆ ಇದು ಶೋಭೆಯೇ?’

ವೇದವತಿ ಕರಪತ್ರ ಕೈಗೆ ತೆಗೆದುಕೊಂಡಳು. ಈಗ ಹೇಳಿಬಿಡಬೇಕು ಎಂದುಕೊಂಡಳು. ಬಾಯಿಂದ ಬಂದದ್ದು ಬೇರೆ.

“ರಸ್ತೆಬದಿಯಲ್ಲಿ ಎಷ್ಟು ಚೆನ್ನಾಗಿ ತರಕಾರಿ ಬೆಳೆದಿದ್ದಾರೆ ನೋಡಿ ಅಂತ ಬರೆದಿದ್ದಾರೆ, ಅಮ್ಮ.”

“ನನ್ನೆಸ್ರು ಹಾಕವ್ರಾ?”

“ಹೆಸರು ಹಾಕಿಲ್ಲ.”

ಹೆಸರು ಇಲ್ಲದಿದ್ದರೇನು, ನೋಡಿದವರಿಗೆ ಗೊತ್ತಾಗುತ್ತದೆ ಎಂದು ಜವರಮ್ಮ ಸಮಾಧಾನ ಹೇಳಿದಳು. ಕಾಫಿ ಕುಡಿದಳು. ಹೊರಡುವಾಗ, ನಿಮ್ಮ ಮನೆಗೆ ಬಂದ ಕಾಗದವೂ ಇದ್ದರೆ ಕೊಡು, ಎರಡು ಇರಲಿ ಎಂದು ಕೇಳಿದಳು. ವೇದವತಿ ತನ್ನ ಮನೆಯ ಪ್ರತಿಯನ್ನೂ ಕೊಟ್ಟು ಕಳಿಸಿದಳು. ಅಂದು ಅವರೆಕಾಯಿ ಬಿಡಿಸಲು ಆಗಲಿಲ್ಲ. ಫ್ರಿಜ್ಜಿನಲ್ಲಿಟ್ಟ ಚೀಲ ಹತ್ತು ದಿನ ಹಾಗೇ ಇದ್ದು, ಕಾಯಿ ಕಪ್ಪಗಾಗಿ, ಕೊನೆಗೆ ಎಸೆಯಬೇಕಾಯಿತು.

ವೆಂಕಟಾಚಲನಿಗೆ ವಿಷಯ ಹೇಳಿದಾಗ ಅವನು ಟಿವಿಯಿಂದ ಕಣ್ಣು ತೆಗೆದು ಒಂದು ನಿಮಿಷ ಯೋಚಿಸಿದ. ಒಂದು ಫೋಟೋಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇನಿದೆ, ಅದು ಹೇಗೂ ಸಿಟಿ ಜಾಗ, ಇವತ್ತಲ್ಲ ನಾಳೆ ತೆಗೆಸುವವರೇ ಎಂದ. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಅದು ಅವಳು ಮೀಟಿಂಗಿನಲ್ಲಿ ಆಡಿದ ಮಾತೇ ಆಗಿತ್ತು.

ನವೆಂಬರ್ ಒಂದು ಶನಿವಾರ ಬಂದಿತ್ತು. ಕನ್ನಡ ಕೂಟದವರು ಶಾಲೆಯೊಂದರ ಕೆಫೆಟೇರಿಯಾದಲ್ಲಿ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಲಾಸ್ ಆಲ್ಟೋಸ್‌ನ ಡಾಕ್ಟರುಗಳು, ಸ್ಯಾನ್ ರಮೋನ್‌ನಿಂದ ಒಂದು ಗಂಟೆ ಡ್ರೈವ್ ಮಾಡಿಕೊಂಡು ಬಂದವರು, ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ಮಾಡಿ ತಂದಿದ್ದರು. ಊಟದ ಹೊತ್ತಿನಲ್ಲಿ ವೇದವತಿ ನೋಡಿದಳು: ಮೂಲೆಯ ಮೇಜಿನಲ್ಲಿ ಜವರಮ್ಮ ನಾಲ್ಕು ಹೆಂಗಸರ ನಡುವೆ ಕೂತು ಕರಪತ್ರ ಬಿಚ್ಚಿ ತೋರಿಸುತ್ತಿದ್ದಳು. ಆ ಹೆಂಗಸರಿಗೆಲ್ಲ ಇಂಗ್ಲಿಷ್ ಬರುತ್ತಿತ್ತು. ಒಬ್ಬಳು ಓದಿ ಪಕ್ಕದವಳಿಗೆ ಕೊಟ್ಟಳು. ಅವಳು ಓದಿ ಮುಂದಿನವಳಿಗೆ ಕೊಟ್ಟಳು. “ಚೆನ್ನಾಗಿದೆ” ಎಂದಳೊಬ್ಬಳು, ಎತ್ತಲೋ ನೋಡುತ್ತ. ಜವರಮ್ಮ ದೂರದಿಂದಲೇ ವೇದವತಿಯ ಕಡೆ ಬೆರಳು ಮಾಡಿ, ಫೋಟೋ ತೆಗೆದವಳು ಅವಳೇ ಎಂದು ಹೇಳಿದಳು. ನಾಲ್ಕೂ ಮುಖಗಳು ಇತ್ತ ತಿರುಗಿದವು.

ವೇದವತಿ ಕಾಗದದ ತಟ್ಟೆ ಬಿಸಾಡಿ ಪಾರ್ಕಿಂಗ್ ಲಾಟಿಗೆ ಹೋದಳು. ಅವಳ ಹಿಂದೆಯೇ ಜಯರಾಮ್ ಬಂದ. ಅವನು ಬೈಯುತ್ತಾನೆಂದು ಅವಳು ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಕಾರಿಗೆ ಒರಗಿ ನಿಂತು ಮೆಲ್ಲಗೆ ಮಾತಾಡಿದ.

“ಅಕ್ಕಾ, ನನಗೂ ಆ ತೋಟ ನೋಡಿದ್ರೆ ನಾಚಿಕೆ ಆಗೋದು. ತೆಗೆದಾಕು ಅಂತ ಅಮ್ಮಂಗೆ ಎಷ್ಟೋ ಸಲ ಹೇಳಿದ್ದೀನಿ. ಆದ್ರೆ ನಾನು ಮನೆಯೊಳಗೆ ಹೇಳಿದ್ದು.”

ವೇದವತಿ ಕಾರಿನ ಕೀಲಿಯನ್ನು ಕೈಯಲ್ಲಿ ತಿರುಗಿಸಿದಳು.

“ಅಮ್ಮ ಅದನ್ನ ದೇವರ ಮನೇಲಿ ಇಟ್ಟವಳೆ. ನಾನು ಹೇಳಲಾರೆ. ನೀವೇ ಹೇಳಿ,” ಎಂದು ಅವನು ಒಳಗೆ ಹೋದ.

ಹೇಳುತ್ತೇನೆಂದು ಅವಳು ಅವನಿಗೆ ತಲೆಯಾಡಿಸಿದ್ದಳು. ಭಾನುವಾರ ಹೋಗಲಿಲ್ಲ. ಸೋಮವಾರವೂ ಹೋಗಲಿಲ್ಲ.

ಮಂಗಳವಾರ ಚುನಾವಣೆ. ಅವರ ಬೀದಿಯ ಮತಗಟ್ಟೆ ಒಬ್ಬರ ಮನೆಯ ಗರಾಜು. ಒಂದು ಕಡೆ ಹುಲ್ಲು ಕತ್ತರಿಸುವ ಮೆಷೀನು, ಸೈಕಲ್ಲು. ಇನ್ನೊಂದು ಕಡೆ ನಾಲ್ಕು ಮಡಚುವ ಮೇಜು. ಎಣ್ಣೆಯ ವಾಸನೆ. ಜೀವನದ ಮೊದಲ ಮತ ಹಾಕಲು ವೇದವತಿ ರೇಷ್ಮೆ ಸೀರೆ ಉಡಬೇಕೆಂದು ಬೇಸಿಗೆಯಲ್ಲೇ ತೀರ್ಮಾನಿಸಿದ್ದಳು. ಈಗ ಪ್ಯಾಂಟು ಸ್ವೆಟರಿನಲ್ಲಿ ಹೋದಳು. ಮತಚೀಟಿ ಒಂದು ಉದ್ದನೆಯ ಕಾರ್ಡು. ಬೇಕಾದ ಕಡೆ ಸೂಜಿಯಂಥ ಕಡ್ಡಿಯಿಂದ ಚುಚ್ಚಿ ತೂತು ಮಾಡಬೇಕು. ಮೆಷರ್ ಜಿ ಎಲ್ಲಕ್ಕಿಂತ ಕೊನೆಯ ಪುಟದಲ್ಲಿತ್ತು. ಅವಳು ಕಡ್ಡಿ ಹಿಡಿದು ಬಹಳ ಹೊತ್ತು ನಿಂತಳು. ಮರಗಳು ಬೇಕೆಂದು ಅವಳಿಗೆ ಈಗಲೂ ಅನ್ನಿಸುತ್ತಿತ್ತು. ಕೊನೆಗೆ ‘ಬೇಡ’ ಎಂಬಲ್ಲಿ ಚುಚ್ಚಿದಳು. ಹೊರಗೆ ಬಂದಾಗ ಎದೆ ಹಗುರವಾಗಿರಬೇಕಿತ್ತು. ಬದಲಿಗೆ, ನಾಲ್ಕು ತಿಂಗಳು ಜೊತೆಗೆ ಕೂತು ಕುಕಿ ತಿಂದವರಿಗೆ ಬೆನ್ನ ಹಿಂದೆ ಏನೋ ಮಾಡಿದ ಹಾಗಾಯಿತು.

ಅವಳ ಒಂದು ಮತದಿಂದ ಏನೂ ಆಗಲಿಲ್ಲ. ಶೇಕಡಾ ಅರವತ್ತೊಂಬತ್ತು ಜನ ಮೆಷರ್ ಜಿಗೆ ಒಪ್ಪಿದ್ದರು. ಮಾರನೆಯ ದಿನ ಕ್ಯಾರಲ್ ರಸ್ತೆ ದಾಟಿ ಓಡಿಬಂದು ಅವಳನ್ನು ತಬ್ಬಿಕೊಂಡಳು. ಗೆದ್ದದ್ದು ನಿನ್ನ ಫೋಟೋದಿಂದ, ಎಲ್ಲರೂ ಅದೇ ಮಾತಾಡುತ್ತಿದ್ದಾರೆ ಎಂದಳು. ವೇದವತಿ ನಕ್ಕಳು. ಆ ನಗುವನ್ನು ಅವಳು ಆಮೇಲೆ ಬಹಳ ದಿನ ಮರೆಯಲಿಲ್ಲ.

ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ವೇದವತಿ ಮೂರು ಸಲ ಜವರಮ್ಮನ ಗೇಟಿನವರೆಗೆ ಹೋಗಿದ್ದಳು. ಪ್ರತಿ ಸಲವೂ ಜವರಮ್ಮ ಏನಾದರೊಂದು ಕೊಡುತ್ತಿದ್ದಳು, ಸೊಪ್ಪೋ ಮೂಲಂಗಿಯೋ, ಮತ್ತು ಕೈತುಂಬ ಇಸಿದುಕೊಂಡ ಮೇಲೆ ಆ ಮಾತು ಹೇಳುವುದು ಹೇಗೆಂದು ವೇದವತಿಗೆ ತಿಳಿಯುತ್ತಿರಲಿಲ್ಲ. ಹೇಳದೆ ಕಳೆದ ಒಂದೊಂದು ದಿನವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು.

ಫೆಬ್ರವರಿ ಮೊದಲ ವಾರ ಒಂದು ಮಧ್ಯಾಹ್ನ ಫೋನು ಬಂತು. ಜವರಮ್ಮ ಫೋನಿನಲ್ಲಿ ಯಾವಾಗಲೂ ಕೂಗಿ ಮಾತಾಡುವವಳು. ಯಾರೋ ಬಂದು ಚಪ್ಪರದ ಕಂಬಿಗೆ ಕಿತ್ತಳೆ ಬಣ್ಣದ ಕಾಗದ ಕಟ್ಟಿ ಹೋಗಿದ್ದಾರೆ, ಮಗ ಕೆಲಸಕ್ಕೆ ಹೋಗಿದ್ದಾನೆ, ನೀನೇ ಬಂದು ಓದು, ಅವತ್ತು ಓದಿ ಹೇಳಿದೆಯಲ್ಲ ಎಂದಳು.

ವೇದವತಿ ಹೋದಾಗ ಜವರಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಬಿತ್ತನೆಗೆಂದು ಒಣಗಿಸಿದ ಅವರೆಕಾಯಿಯಿಂದ ಬೀಜ ಬಿಡಿಸುತ್ತಿದ್ದಳು. ಕಾಗದವನ್ನು ಸೆರಗಿನಿಂದ ತೆಗೆದು ಕೊಟ್ಟಳು. ಸಿಟಿಯ ನೋಟಿಸು. ಹತ್ತು ದಿನದೊಳಗೆ ಇಲ್ಲಿರುವುದನ್ನೆಲ್ಲ ತೆಗೆಯದಿದ್ದರೆ ತಾವೇ ತೆಗೆದು ಎಸೆಯುತ್ತೇವೆ. ರಸ್ತೆ ಅಲಂಕಾರದ ಕೆಲಸ ಶುರುವಾಗಲಿದೆ.

ಇನ್ನೊಂದು ಸುಳ್ಳು ಓದಲು ಸಾಧ್ಯವಿರಲಿಲ್ಲ. ವೇದವತಿ ಇದ್ದದ್ದನ್ನು ಇದ್ದ ಹಾಗೆ ಓದಿದಳು. ಜವರಮ್ಮನ ಕೈ ನಿಂತಿತು.

“ಅಲ್ಲಾ, ಚಂದಾಗದೆ ಅಂತ ಪೇಪರ್ನಾಗೆ ಹಾಕ್ದೋರು, ಈಗ ಯಾಕೆ ಕೀಳಕ್ಕೆ ಬತ್ತಾವ್ರೆ?”

“ಅಮ್ಮ, ಅದರಲ್ಲಿ ಹಾಗೆ ಬರೆದಿರಲಿಲ್ಲ.”

“ಇನ್ನೇನ್ ಬರ್ದಿತ್ತು?”

ವೇದವತಿ ಹೇಳಿದಳು. ‘ಕಸ’ ಎಂಬ ಮಾತನ್ನು ಹಾರಿಸಲಿಲ್ಲ. ಬರೆದದ್ದು ಬೇರೆಯವರು, ಆದರೆ ಫೋಟೋ ಕೊಟ್ಟದ್ದು ತಾನು. ಇದು ಯಾರದು ಎಂದು ಅವರು ಕೇಳಿದ್ದರು, ಯಾರದೂ ಅಲ್ಲ ಎಂದದ್ದೂ ತಾನೇ ಎಂದಳು. ಅಳಬಾರದೆಂದು ಬಲವಂತವಾಗಿ ತಡೆದುಕೊಂಡಳು. ತಾನು ಅತ್ತರೆ ಈ ಹೆಂಗಸು ತನ್ನನ್ನೇ ಸಮಾಧಾನ ಮಾಡಲು ಬರುತ್ತಾಳೆ, ಅದಕ್ಕಿಂತ ಕೆಟ್ಟದ್ದಿಲ್ಲ ಎಂದು ಅವಳಿಗೆ ಹೊಳೆದಿತ್ತು.

ಜವರಮ್ಮ ಮೊರದೊಳಗಿನ ಬೀಜವನ್ನು ಅಂಗೈಯಿಂದ ಒಂದು ಬದಿಗೆ ಸರಿಸಿದಳು.

“ಕೀಳದು ಕೀಳ್ಲಿ. ಸರ್ಕಾರದ ಜಾಗ, ನಂಗೂ ಗೊತ್ತಿತ್ತು,” ಎಂದಳು. “ನಾನು ಓದು ಅಂದಾಗ ಯಾಕೆ ಸುಳ್ಳೇಳ್ದೆ? ಅದನ್ನ ನಾನು ಊರಿಗೆ ಕಳ್ಸ್ಬುಟ್ನಲ್ಲ. ಮರಿತಾಯಿಗೆ. ಅಲ್ಲಿ ಇಸ್ಕೂಲ್ ಮೇಷ್ಟ್ರಿಗೆ ಇಂಗ್ಲೀಸ್ ಬತ್ತದೆ. ಎಲ್ಲಾರ್ಗೂ ಓದಿ ಯೋಳಿ ಅಂತ ಜಯರಾಮನ ಕೈಲಿ ಬರ್ಸಿ ಕಳ್ಸಿವ್ನಿ.”

ತಾನು ಕೊಟ್ಟು ಕಳಿಸಿದ ಎರಡನೆಯ ಪ್ರತಿ ಯಾವುದಕ್ಕೆಂದು ವೇದವತಿ ಅಂದು ಕೇಳಿರಲಿಲ್ಲ. ಜಯರಾಮ್ ಅಂಥ ಕಾಗದವನ್ನು ಬರೆದು ಹೇಗೆ ಕಳಿಸಿದ, ತಾಯಿಯ ಎದುರು ಬಾಯಿಬಿಡಲಾರದೆ ಅವನೂ ತನ್ನ ಹಾಗೆ ದಿನ ನೂಕಿದನೇ ಎಂದುಕೊಂಡಳು. ತನ್ನ ಮನೆಯ ಹಿತ್ತಿಲಲ್ಲಿ ಬೇಕಾದಷ್ಟು ಜಾಗವಿದೆ, ಅಲ್ಲೇ ಅವರೆ ಹಾಕಿ, ಹುಲ್ಲುಹಾಸನ್ನು ನಾಳೆಯೇ ಅಗೆಸುತ್ತೇನೆ ಎಂದಳು.

“ಬ್ಯಾಡ. ನಿಮ್ಮ ಜಾಗ ನಿಮಗಿರ್ಲಿ,” ಎಂದಳು ಜವರಮ್ಮ. ಅಲ್ಲಿಂದಾಚೆಗೆ ಅವಳು ಎಂದೂ ವೇದವತಿಯನ್ನು ಏಕವಚನದಲ್ಲಿ ಕರೆಯಲಿಲ್ಲ.

ಅದೇ ಸಂಜೆ ವೇದವತಿ ಕ್ಯಾರಲ್ ಮನೆಗೆ ಹೋಗಿ ಎಲ್ಲ ಹೇಳಿದಳು. “ನಾನು ನಿನ್ನನ್ನ ಕೇಳಿದ್ದೆ,” ಎಂದಷ್ಟೇ ಅಂದಳು ಕ್ಯಾರಲ್. ಹೌದು, ನೀನು ಕೇಳಿದ್ದೆ ಎಂದಳು ವೇದವತಿ. ಕ್ಯಾರಲ್ ಸಿಟಿ ಆಫೀಸಿಗೆ ಎರಡು ಸಲ ಫೋನು ಮಾಡಿ, ಆ ಮುದುಕಿಗೆ ಬೇರೆಲ್ಲಾದರೂ ತುಂಡು ನೆಲ ಕೊಡಲಾಗುತ್ತದೆಯೇ ಎಂದು ವಿಚಾರಿಸಿದಳು. ಅಂಥ ಏರ್ಪಾಡು ಯಾವುದೂ ಇರಲಿಲ್ಲ. ಆಮೇಲೆ ಇಬ್ಬರೂ ಎದುರಾದಾಗ ಹವೆಯ ಬಗ್ಗೆ ಮಾತಾಡಿಕೊಂಡರು.

ಶನಿವಾರ ಬೆಳಿಗ್ಗೆ ವೇದವತಿ ಹಳೆಯ ಬಟ್ಟೆ ಹಾಕಿಕೊಂಡು ಹಾರ್ಕಿನ್ಸ್ ರಸ್ತೆಗೆ ಹೋದಳು. ಜಯರಾಮ್ ಚಪ್ಪರದ ಕಂಬಿಗಳನ್ನು ಕಿತ್ತು ಕಂತೆ ಕಟ್ಟುತ್ತಿದ್ದ. ಜವರಮ್ಮ ಬೆಳ್ಳುಳ್ಳಿ ಗಿಡಗಳನ್ನು ಮಣ್ಣು ಸಮೇತ ಬಕೆಟ್ಟಿಗೆ ತುಂಬುತ್ತಿದ್ದಳು. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ವೇದವತಿ ಕೂತು ಒಣಬಳ್ಳಿ ಬಿಡಿಸತೊಡಗಿದಳು. ಸೀರೆಯ ಚೂರುಗಳ ಗಂಟುಗಳು ಮಳೆ ಬಿಸಿಲಿಗೆ ಬಿಗಿದುಕೊಂಡಿದ್ದವು, ಉಗುರಿನಿಂದ ಬಿಡಿಸಬೇಕಾಯಿತು. ಕಾರುಗಳು ಹೋಗುತ್ತಿದ್ದವು. ಸಮಿತಿಯಲ್ಲಿದ್ದ ಒಬ್ಬ ಅವಳನ್ನು ಗುರುತಿಸಿ ಹಾರ್ನ್ ಮಾಡಿ, ಹೆಬ್ಬೆರಳು ಎತ್ತಿ ತೋರಿಸಿದ. ಊರು ಚೊಕ್ಕಟ ಮಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಅವಳು ತಲೆ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಬೋಳಾಯಿತು. ಅಷ್ಟು ಹೊತ್ತಿನಲ್ಲಿ ಜವರಮ್ಮ ಆಡಿದ್ದು ಒಂದೇ ಮಾತು: “ನೀರು ಕುಡೀರಿ.”

ಏಪ್ರಿಲ್‌ನಲ್ಲಿ ಮರಗಳು ಬಂದವು. ಓಲಿಯಾಂಡರ್ ಗಿಡಗಳೂ ಬಂದವು, ನಮ್ಮ ಕಡೆಯ ಕಣಗಿಲೆಯೇ ಅದು, ಬಿಳಿ ಮತ್ತು ಗುಲಾಬಿ. ಬೇಸಿಗೆಯ ಹೊತ್ತಿಗೆ ಹಾರ್ಕಿನ್ಸ್ ರಸ್ತೆ ನಿಜವಾಗಿಯೂ ಚಂದವಾಯಿತು. ಆಫೀಸಿನಿಂದ ಬರುವಾಗ ಮನಸ್ಸಿಗೆ ಹಿತವಾಗುತ್ತದೆ ಎಂದು ವೆಂಕಟಾಚಲ ಹೇಳಿದ. ವೇದವತಿಗೂ ಚಂದ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗೆಲ್ಲ ಆ ಅರವತ್ತು ಅಡಿ ಎಲ್ಲಿತ್ತೆಂದು ಕಣ್ಣು ಹುಡುಕುತ್ತಿತ್ತು.

ಊರಿಂದ ಮರಿತಾಯಮ್ಮನ ಕಾಗದ ಬಂತೆಂದು ಜಯರಾಮ್ ಒಮ್ಮೆ ಹೇಳಿದ. ಮಳೆ, ಮದುವೆ, ಎಮ್ಮೆ ಕರು ಹಾಕಿದ್ದು ಎಲ್ಲ ಇತ್ತಂತೆ. ಕರಪತ್ರದ ಸುದ್ದಿ ಇರಲಿಲ್ಲ. ಮೇಷ್ಟ್ರು ಓದಿದರೋ ಇಲ್ಲವೋ, ಓದಿದ್ದರೆ ನಿಜ ಹೇಳಿದರೋ ಇಲ್ಲ ತನ್ನ ಹಾಗೆಯೇ ಸುಳ್ಳು ಹೇಳಿದರೋ, ಅದು ವೇದವತಿಗೆ ಕೊನೆಗೂ ಗೊತ್ತಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಕಾರಿನಲ್ಲಿ ಹೋಗುತ್ತಿದ್ದಾಗ ಬಸ್ ಸ್ಟಾಪಿನಲ್ಲಿ ಜವರಮ್ಮ ನಿಂತಿರುವುದು ಕಂಡಿತು. ಸೀರೆಯ ಮೇಲೆ ಮಗನ ಜಾಕೆಟ್ಟು, ಕಂಕುಳಲ್ಲಿ ಒಂದು ನೋಟ್‌ಬುಕ್ಕು. ವೇದವತಿ ನಿಲ್ಲಿಸಿ, ಎಲ್ಲಿಗೆ ಹೊರಟಿರಿ ಎಂದು ಕೇಳಿದಳು. ದೊಡ್ಡವರಿಗೆ ಪುಕ್ಕಟೆ ಇಂಗ್ಲಿಷ್ ಹೇಳಿಕೊಡುವ ಶಾಲೆಗೆ, ವಾರಕ್ಕೆ ಮೂರು ದಿನ, ಹೋಗಲು ಶುರುಮಾಡಿ ಒಂದು ತಿಂಗಳಾಯಿತು ಎಂದಳು ಜವರಮ್ಮ. ಅಕ್ಷರ ಎಲ್ಲ ಬಂದಿವೆಯಂತೆ, ಕೂಡಿಸಿ ಓದುವುದು ಕಷ್ಟವಂತೆ.

“ಬನ್ನಿ ಅಮ್ಮ, ನಾನು ಬಿಡ್ತೀನಿ,” ಎಂದು ವೇದವತಿ ಪಕ್ಕದ ಬಾಗಿಲು ತೆರೆದಳು.

ಜವರಮ್ಮ ಅವಳನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ.

“ಬಸ್ಸು ಬತ್ತದೆ. ನೀವು ವೊರಡಿ.”

ಹಿಂದಿನ ಕಾರಿನವನು ಹಾರ್ನ್ ಮಾಡಿದ. ವೇದವತಿ ಬಾಗಿಲು ಎಳೆದುಕೊಂಡು ಹೊರಟಳು. ಕನ್ನಡಿಯಲ್ಲಿ ನೋಡಿದಾಗ ಜವರಮ್ಮ ನೋಟ್‌ಬುಕ್ಕು ತೆರೆದು, ತುಟಿ ಅಲುಗಿಸುತ್ತ ಏನನ್ನೋ ಓದಿಕೊಳ್ಳುತ್ತಿದ್ದಳು.